ಸರಕಾರಿ ವಕೀಲರ ಕಚೇರಿ ಊರಿನ ಜನರ ನಂಬಿಕೆ ಗಳಿಸುವುದು ಹೇಗೆ: ಒಂದು ಸಮಗ್ರ ಮಾರ್ಗದರ್ಶಿ

ಇಂಡಿ ತಾಲ್ಲೂಕಿನ ತಾಂಡಾವೊಂದರಿಂದ ಸಾಕ್ಷಿ ಹೇಳಲು ಹೊರಟ ಹೆಣ್ಣುಮಗಳ ದಿನ ಹೇಗಿರುತ್ತದೆ ನೋಡಿ. ನಸುಕಿನಲ್ಲೆದ್ದು ರೊಟ್ಟಿ ಬಡಿದಿಟ್ಟು, ಅವತ್ತಿನ ಕೂಲಿ ಬಿಟ್ಟು, ಟಂಟಂ ಹತ್ತಿ, ಬಸ್ಸು ಬದಲಿಸಿ ಹನ್ನೊಂದರೊಳಗೆ ಕೋರ್ಟು ಮುಟ್ಟುತ್ತಾಳೆ. ಯಾವ ಹಾಲಿಗೆ ಹೋಗಬೇಕೆಂದು ಹೇಳುವವರಿಲ್ಲ. ಪಡಸಾಲೆಯಲ್ಲಿರುವುದು ಒಂದೇ ಬೆಂಚು, ಅದರ ಇನ್ನೊಂದು ತುದಿಗೆ ಆರೋಪಿಯ ಅಣ್ಣ ಕೂತಿದ್ದಾನೆ. ಸಂಜೆ ನಾಲ್ಕೂವರೆಗೆ ಯಾರೋ ಬಂದು ‘ಇವತ್ತ ಆಗಂಗಿಲ್ಲ, ಮುಂದಿನ ತಾರೀಖಿಗೆ ಬರ್ರಿ’ ಅಂದು ಹೋಗುತ್ತಾರೆ. ಮೂರು ಸಲ ಹೀಗಾದ ಮೇಲೆ ಆಕೆ ಕಟಕಟೆಯಲ್ಲಿ ನಿಂತು ‘ನಾ ಏನೂ ನೋಡಿಲ್ರಿ’ ಅಂದರೆ ಕಡತದಲ್ಲಿ ‘ಪ್ರತಿಕೂಲ ಸಾಕ್ಷಿ’ ಎಂದು ದಾಖಲಾಗುತ್ತದೆ. ಆಕೆ ಯಾಕೆ ಹಾಗಂದಳು ಎಂಬುದು ಎಲ್ಲೂ ದಾಖಲಾಗುವುದಿಲ್ಲ.

ಜನಸಂಪರ್ಕ ಅಂದಕೂಡಲೆ ಶಾಮಿಯಾನ, ಮೈಕು, ಹಾರ ಕಣ್ಣಮುಂದೆ ಬರುತ್ತವೆ. ಅವು ಆಮೇಲಿನ ಮಾತು. ಕೋರ್ಟಿಗೆ ಹೋಗಿ ಬಂದವರು ಊರಕಟ್ಟೆಯಲ್ಲಿ ಏನು ಹೇಳುತ್ತಾರೋ ಅದನ್ನೇ ಊರು ನಂಬುತ್ತದೆ. ಹಾಗಾಗಿ ಈ ಮಾರ್ಗದರ್ಶಿ ಕೋರ್ಟಿನ ಪಡಸಾಲೆಯಿಂದ ಶುರುವಾಗಿ ಆಮೇಲೆ ಹಳ್ಳಿಗೆ ಹೋಗುತ್ತದೆ. ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ತಾಲ್ಲೂಕು ಕೋರ್ಟುಗಳಲ್ಲಿ ಒಬ್ಬರೋ ಇಬ್ಬರೋ ಎಪಿಪಿ (ಸಹಾಯಕ ಸರಕಾರಿ ಅಭಿಯೋಜಕರು), ಒಬ್ಬ ಗುಮಾಸ್ತ, ಒಬ್ಬ ಕೋರ್ಟ್ ಪಿ.ಸಿ. (ಪೊಲೀಸ್ ಪೇದೆ) ಇರುವ ಕಚೇರಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದಿದು.

ಮೊದಲು ಗೆರೆ ಎಳೆದುಕೊಳ್ಳಿ

ಸರಕಾರಿ ವಕೀಲರೆಂದರೆ ಪೊಲೀಸರ ವಕೀಲರು ಎಂದೇ ಜನ ತಿಳಿದಿದ್ದಾರೆ. 1973ರ ದಂಡ ಪ್ರಕ್ರಿಯಾ ಸಂಹಿತೆ 1974ರ ಏಪ್ರಿಲ್ 1ರಂದು ಜಾರಿಗೆ ಬಂದಾಗಲೇ ತನಿಖೆ ಮತ್ತು ಅಭಿಯೋಜನೆ (ಕೋರ್ಟಿನಲ್ಲಿ ಸರಕಾರದ ಪರ ಪ್ರಕರಣ ನಡೆಸುವುದು) ಬೇರೆಬೇರೆಯಾದವು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ (ಬಿಎನ್‌ಎಸ್‌ಎಸ್) 18, 19 ಮತ್ತು 20ನೇ ಕಲಂಗಳು ಅಭಿಯೋಜಕರ ನೇಮಕ ಮತ್ತು ನಿರ್ದೇಶನಾಲಯದ ರಚನೆಯನ್ನು ಹೇಳುತ್ತವೆ. ಮುಂದೆ ಕಾನೂನಿನ ಹೆಸರಿಲ್ಲದೆ ಬರುವ ಕಲಂಗಳೆಲ್ಲ ಈ ಸಂಹಿತೆಯವೇ. ನಿರಪರಾಧಿಗೆ ಶಿಕ್ಷೆಯಾಗುವಂತೆ ಪ್ರಕರಣ ನಡೆಸಕೂಡದು ಎಂಬುದು ಬಾರ್ ಕೌನ್ಸಿಲ್ ನಿಯಮದಲ್ಲೇ ಇದೆ. ಇದನ್ನು ಜನರಿಗೆ ಹೇಳಿ, ಹೇಳಿದಂತೆ ನಡೆದುಕೊಳ್ಳಿ.

ಹಳ್ಳಿಗೆ ಹೋದ ಮೊದಲ ದಿನವೇ ಮೂರು ಬೇಡಿಕೆ ಬರುತ್ತವೆ: ‘ಎಫ್‌ಐಆರ್ ಮಾಡಿಸಿಕೊಡ್ರಿ’, ‘ನಮ್ಮ ಹುಡುಗನ್ನ ಬಿಡಿಸ್ರಿ’, ‘ನೀವ ಕೂತು ರಾಜಿ ಮಾಡಿಸ್ರಿ’. ಮೂರಕ್ಕೂ ‘ಆಗಂಗಿಲ್ಲ’ ಎಂದು ನೇರವಾಗಿ ಹೇಳಿ, ಬೆನ್ನಹಿಂದೆಯೇ ಎಲ್ಲಿಗೆ ಹೋಗಬೇಕೆಂಬ ದಾರಿ ತೋರಿಸಿ. ಠಾಣೆಯಲ್ಲಿ ದೂರು ತೆಗೆದುಕೊಳ್ಳದಿದ್ದರೆ 173(4)ನೇ ಕಲಂ ಪ್ರಕಾರ ಮೊದಲು ಎಸ್‌ಪಿಯವರಿಗೆ ಬರಹದಲ್ಲಿ ಅರ್ಜಿ, ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟರ ಬಳಿಗೆ. ಆರೋಪಿಗೆ ವಕೀಲರಿಲ್ಲದಿದ್ದರೆ ತಾಲ್ಲೂಕು ಕಾನೂನು ಸೇವಾ ಸಮಿತಿ, ಸಹಾಯವಾಣಿ 15100. ರಾಜಿಯಾಗಬಹುದಾದ ಅಪರಾಧಗಳ ಪಟ್ಟಿ 359ನೇ ಕಲಂನಲ್ಲಿದೆ, ಅಂಥ ರಾಜಿಗೂ ಕೋರ್ಟಿನ ಮುಂದೆಯೇ ಬರಬೇಕು. ಪೋಕ್ಸೊ (ಮಕ್ಕಳ ಮೇಲಿನ ಲೈಂಗಿಕ ಅಪರಾಧದ) ಪ್ರಕರಣವನ್ನೂ ಜಾತಿ ದೌರ್ಜನ್ಯದ ಪ್ರಕರಣವನ್ನೂ ಊರ ಹಿರಿಯರು ಕೂಡಿ ಮುಗಿಸುವಂತಿಲ್ಲ. ಇದನ್ನು ಹಿರಿಯರು ಕೂತ ಕಟ್ಟೆಯಲ್ಲೇ, ಅವರ ಮರ್ಯಾದೆಗೆ ಕುಂದು ಬಾರದಂತೆ, ಆದರೆ ಸ್ಪಷ್ಟವಾಗಿ ಹೇಳಬೇಕು.

ಸಾಕ್ಷಿಗಳ ವಹಿ

ಎರಡು ಕ್ವೈರಿನ ಗಟ್ಟಿ ರಟ್ಟಿನ ರಿಜಿಸ್ಟರ್ ಒಂದು ಸಾಕು. ಕಂಪ್ಯೂಟರ್ ಇದ್ದರೂ ಮೊದಲು ವಹಿಯಲ್ಲಿ ಬರೆಯುವುದೇ ಮೇಲು, ಬೆಳಗ್ಗೆ ಕೋರ್ಟಿಗೆ ಹೊರಡುವಾಗ ಕೈಯಲ್ಲಿರುತ್ತದೆ. ಒಬ್ಬ ಸಾಕ್ಷಿಗೆ ಒಂದು ಸಾಲು, ಸಾಲಿಗೆ ಒಂಬತ್ತು ಅಂಕಣ: ಪ್ರಕರಣದ ಸಂಖ್ಯೆ, ಸಾಕ್ಷಿಯ ಹೆಸರು, ಸ್ವಂತ ಮೊಬೈಲ್, ಮನೆಯವರದೋ ನೆರೆಯವರದೋ ಇನ್ನೊಂದು ಮೊಬೈಲ್, ಮಾತಾಡುವ ಭಾಷೆ, ವರ್ಷದ ಯಾವ ತಿಂಗಳು ಊರಲ್ಲಿರುತ್ತಾರೆ, ಅಂಜಿಕೆ ಇದೆಯೇ, ಕೋರ್ಟಿಗೆ ಬಂದ ತಾರೀಖುಗಳು, ಸಾಕ್ಷ್ಯವಾಗದೆ ವಾಪಸಾದರೆ ಯಾಕೆ.

ಈ ವಿವರ ಕೇಳಲು ಸರಿಯಾದ ಹೊತ್ತೆಂದರೆ ದೋಷಾರೋಪಪಟ್ಟಿ ಪರಿಶೀಲನೆಗೆ ಬಂದಾಗ. ಸಾಕ್ಷಿಪಟ್ಟಿಯ ಪ್ರತಿ ಹೆಸರಿನ ಮುಂದೆ ಎರಡು ಫೋನ್ ಸಂಖ್ಯೆ ಇಲ್ಲದಿದ್ದರೆ ತನಿಖಾಧಿಕಾರಿಯಿಂದ ಅಂದೇ ಬರೆಸಿಕೊಳ್ಳಿ. ವರ್ಷ ಕಳೆದ ಮೇಲೆ ಕೇಳಿದರೆ ಆ ಅಧಿಕಾರಿಗೆ ವರ್ಗವಾಗಿರುತ್ತದೆ, ಸಾಕ್ಷಿಯ ಸಿಮ್ ಬದಲಾಗಿರುತ್ತದೆ.

ಆರನೆಯ ಅಂಕಣವನ್ನು ಹೆಚ್ಚಿನವರು ಹಗುರವಾಗಿ ನೋಡುತ್ತಾರೆ. ನಮ್ಮ ಕಡೆ ಅದೇ ಮುಖ್ಯ. ದೀಪಾವಳಿಯ ಆಸುಪಾಸಿಗೆ ಕಬ್ಬು ಕಡಿಯುವ ಗ್ಯಾಂಗುಗಳು ಹೊರಡುತ್ತವೆ. ವಿಜಯಪುರ, ಬಾಗಲಕೋಟೆಯ ತಾಂಡಾಗಳಿಂದ ಮನೆಮಂದಿಯೆಲ್ಲ ಸಾಂಗ್ಲಿ, ಕೊಲ್ಹಾಪುರದ ಕಡೆಗೂ ಬೆಳಗಾವಿ ಜಿಲ್ಲೆಯ ಕಾರ್ಖಾನೆಗಳ ಕಡೆಗೂ ಹೋಗಿ, ಯುಗಾದಿಯ ಹೊತ್ತಿಗೆ ತಿರುಗಿ ಬರುತ್ತಾರೆ. ಆ ಸಾಕ್ಷಿಗೆ ಜನವರಿಯ ತಾರೀಖು ತೆಗೆದುಕೊಂಡರೆ ಸಮನ್ಸ್ ‘ಮನೆ ಕೀಲಿ ಹಾಕಿದೆ’ ಎಂಬ ಷರಾದೊಂದಿಗೆ ವಾಪಸು ಬರುತ್ತದೆ. ಎರಡನೇ ಸಲ ವಾರಂಟ್ ಹೊರಡುತ್ತದೆ. ಏನೂ ತಪ್ಪು ಮಾಡದ ಸಾಕ್ಷಿಯನ್ನು ಪೊಲೀಸರು ಕಬ್ಬಿನ ಹೊಲದಿಂದ ಕರೆತರುತ್ತಾರೆ. ತಾಂಡಾದಲ್ಲಿ ಮುಂದೆ ಯಾರು ಸಾಕ್ಷಿಯಾಗಲು ಒಪ್ಪುತ್ತಾರೆ? ಏಪ್ರಿಲ್‌ನಿಂದ ಸೆಪ್ಟೆಂಬರ್ ನಡುವಿನ ತಾರೀಖು ಕೊಡಬೇಕೆಂದು ಕಾರಣಸಹಿತ ಮನವಿ ಹಾಕಿ. ದ್ರಾಕ್ಷಿ ಕಟಾವಿಗೆ ಹೋಗುವವರು, ಗೋವೆಗೆ ದುಡಿಯಲು ಹೋಗುವವರು, ಎಲ್ಲರಿಗೂ ಇದೇ ಲೆಕ್ಕ. ಊರಲ್ಲಿಲ್ಲದವರಿಗೆ 71ನೇ ಕಲಂ ಪ್ರಕಾರ ಎಲೆಕ್ಟ್ರಾನಿಕ್ ರೂಪದಲ್ಲೂ ನೋಂದಾಯಿತ ಅಂಚೆಯಲ್ಲೂ ಸಮನ್ಸ್ ಕಳಿಸಬಹುದು.

ವಹಿ ಕಪಾಟಿನಲ್ಲಿ ಬೀಗದೊಳಗಿರಲಿ. ಅದರ ಪುಟದ ಫೋಟೊ ತೆಗೆದು ಠಾಣೆಯ ವಾಟ್ಸಾಪ್ ಗುಂಪಿಗೆ ಹಾಕುವ ಚಾಳಿಯನ್ನು ಮೊದಲ ದಿನವೇ ನಿಲ್ಲಿಸಿ. ಅಂಜಿದ ಸಾಕ್ಷಿಯ ಮನೆಯ ಗುರುತು ಆರೋಪಿಯ ಕಡೆಯವರ ಕೈಗೆ ಸಿಗುವುದು ಇಂಥ ಫೋಟೊಗಳಿಂದಲೇ.

ಸಾಕ್ಷಿ ಬರುವ ದಿನ

ಏಳು ದಿನ ಮೊದಲು ಒಂದು ಫೋನು, ಎರಡು ದಿನ ಮೊದಲು ಇನ್ನೊಂದು. ಗುಮಾಸ್ತರು ಹೇಳಬೇಕಾದದ್ದು ಇಷ್ಟೇ: ಯಾವ ತಾರೀಖು, ಯಾವ ಊರಿನ ಯಾವ ಕೋರ್ಟು, ಎಷ್ಟು ಗಂಟೆಗೆ, ಯಾರನ್ನು ಕೇಳಬೇಕು, ಏನು ತರಬೇಕು (ಆಧಾರ್, ಸಮನ್ಸ್, ಕನ್ನಡಕ, ಮಾತ್ರೆ). ಕನ್ನಡಕ ಮರೆತು ಬಂದ ವಯಸ್ಸಾದವರು ಪಂಚನಾಮೆಯ ಮೇಲಿನ ತಮ್ಮ ಸಹಿಯನ್ನೇ ಗುರುತಿಸಲಾಗದೆ ತಡವರಿಸುತ್ತಾರೆ. ಲಂಬಾಣಿ ಮಾತಾಡುವವರಿಗೆ ಚೀಟಿಗಿಂತ ಅವರ ಮಾತಿನಲ್ಲೇ ಕಳಿಸಿದ ದನಿಸಂದೇಶ ಕೆಲಸಕ್ಕೆ ಬರುತ್ತದೆ. ಖಾನಾಪುರ, ನಿಪ್ಪಾಣಿ ಕಡೆಯ ಮರಾಠಿಯವರಿಗೆ ಮರಾಠಿಯಲ್ಲಿ, ವಿಜಯಪುರ ನಗರದ ಉರ್ದು ಮನೆಗಳಿಗೆ ಅವರ ಮಾತಿನಲ್ಲಿ ಹೇಳಿ. ಕೋರ್ಟಿನಲ್ಲಿ ದುಭಾಷಿ ಬೇಕೆಂದು ಮೊದಲೇ ಅರ್ಜಿ ಹಾಕಿ. ಕಟಕಟೆ ಹತ್ತಿದ ಮೇಲೆ ಹುಡುಕಾಡಿದರೆ ಆ ದಿನ ಕಳೆದಂತೆಯೇ.

ಒಂದು ದಿನಕ್ಕೆ ಎಷ್ಟು ಜನರನ್ನು ಕರೆಸಬೇಕು? ಕೊಲೆ ಪ್ರಕರಣದಂಥದ್ದರಲ್ಲಿ ಕಣ್ಣಾರೆ ಕಂಡ ಸಾಕ್ಷಿಗಳಾದರೆ ಇಬ್ಬರು, ಪಂಚರಾದರೆ ಮೂವರೋ ನಾಲ್ವರೋ. ಹತ್ತು ಜನಕ್ಕೆ ಸಮನ್ಸ್ ಕಳಿಸಿ ಇಬ್ಬರನ್ನು ವಿಚಾರಿಸಿದರೆ ಎಂಟು ಮನೆಗಳಲ್ಲಿ ಕೋರ್ಟಿನ ಮೇಲಿನ ಸಿಟ್ಟು ಹುಟ್ಟುತ್ತದೆ.

ಹತ್ತೂವರೆಗೆ ಬಂದವರಿಗೆ ಕೂರಲು ಜಾಗ ಬೇಕು, ಅದು ಆರೋಪಿ ಕಡೆಯವರ ಎದುರಲ್ಲಿ ಆಗಬಾರದು. ಎಪಿಪಿ ಕಚೇರಿಯ ಒಳಗೆ ನಾಲ್ಕು ಕುರ್ಚಿ, ಕುಡಿಯುವ ನೀರು, ಶೌಚಾಲಯ ಎಲ್ಲಿದೆ ಎಂಬ ಬಾಣದ ಗುರುತು ಇದ್ದರೂ ದೊಡ್ಡ ಫರಕು ಬೀಳುತ್ತದೆ. ಕಚೇರಿಯೇ ಇಕ್ಕಟ್ಟಾಗಿದ್ದರೆ ಕಾನೂನು ಸೇವಾ ಸಮಿತಿಯ ಕೋಣೆಯನ್ನು ಆ ದಿನದ ಮಟ್ಟಿಗೆ ಕೇಳಿ. ಮಕ್ಕಳು, ಲೈಂಗಿಕ ಅಪರಾಧದಲ್ಲಿ ನೊಂದವರು ಬರುವುದಿದ್ದರೆ ದುರ್ಬಲ ಸಾಕ್ಷಿಗಳ ಹೇಳಿಕೆ ಕೇಂದ್ರವನ್ನೇ ಬಳಸಬೇಕು. ಅಂಥ ಕೇಂದ್ರಗಳನ್ನು ಕಟ್ಟಬೇಕೆಂದು ಸುಪ್ರೀಂ ಕೋರ್ಟ್ 2022ರ ಜನವರಿಯಲ್ಲೇ ಆದೇಶಿಸಿದೆ.

ಕೋರ್ಟಿಗೆ ಬಂದ ಸಾಕ್ಷಿಯನ್ನು ವಿಚಾರಿಸದೆ ಪ್ರಕರಣ ಮುಂದೂಡಬಾರದು, ಮುಂದೂಡಲೇಬೇಕಾದರೆ ವಿಶೇಷ ಕಾರಣವನ್ನು ಬರಹದಲ್ಲಿ ದಾಖಲಿಸಬೇಕು. ಇದು 346ನೇ ಕಲಂ. ಎದುರು ಕಡೆಯವರು ಕಾಲಾವಕಾಶ ಕೇಳಿದಾಗ ಈ ಕಲಂ ನೆನಪಿಸಿ, ‘ಈ ಸಾಕ್ಷಿ ಇಷ್ಟು ದೂರದಿಂದ, ಇಷ್ಟನೇ ಸಲ ಬಂದಿದ್ದಾರೆ’ ಎಂದು ವಹಿ ನೋಡಿ ತಾರೀಖು ಸಮೇತ ಹೇಳಿ. ಅಂಕಿಯಿಟ್ಟು ಹೇಳಿದ ಮಾತನ್ನು ನ್ಯಾಯಾಧೀಶರು ತಳ್ಳಿಹಾಕುವುದು ಕಷ್ಟ. ಆದರೂ ಮುಂದೂಡಿದರೆ ಎಪಿಪಿಯವರೇ ಪಡಸಾಲೆಗೆ ಬಂದು ಕಾರಣ ಹೇಳಬೇಕು. ಪಿ.ಸಿ. ಕೈಲಿ ಹೇಳಿಸಬೇಡಿ.

ಸಾಕ್ಷಿಯ ಪ್ರಯಾಣ ಮತ್ತು ದಿನದ ಖರ್ಚನ್ನು ಕೊಡಿಸಲು 350ನೇ ಕಲಂನಲ್ಲಿ ಅವಕಾಶವಿದೆ. ಅರ್ಜಿ ನಮೂನೆಯನ್ನು ಬೆಳಗ್ಗೆಯೇ ತುಂಬಿಸಿ, ಸಾಕ್ಷ್ಯ ಮುಗಿದ ಕೂಡಲೆ ಮುಂದಿಡಿ. ಸಂಜೆಗೆ ಬಿಟ್ಟರೆ ಬಸ್ಸಿನ ಹೊತ್ತಾಯಿತೆಂದು ಅವರು ಹೊರಟುಬಿಡುತ್ತಾರೆ. ಜಾತಿ ದೌರ್ಜನ್ಯದ ಪ್ರಕರಣಗಳಲ್ಲಿ ಇದು ಬರೀ ಅವಕಾಶವಲ್ಲ. ಪರಿಶಿಷ್ಟ ಜಾತಿ, ಪಂಗಡಗಳ ದೌರ್ಜನ್ಯ ತಡೆ ಕಾಯ್ದೆಯ 1995ರ ನಿಯಮಗಳ 11ನೇ ನಿಯಮದಡಿ ನೊಂದವರಿಗೂ ಅವಲಂಬಿತರಿಗೂ ಸಾಕ್ಷಿಗಳಿಗೂ ಪ್ರಯಾಣ ಭತ್ಯೆ, ದಿನಭತ್ಯೆ ಕೊಡಲೇಬೇಕು.

ಏನು ಮಾತಾಡಬಹುದು, ಏನು ಮಾತಾಡಬಾರದು

ಜನರಿಗೆ ಹತ್ತಿರವಾಗುವ ಭರದಲ್ಲಿ ಕಾಲು ಜಾರುವ ಜಾಗ ಇದು. 2024ರ ಏಪ್ರಿಲ್‌ನಲ್ಲಿ ತಮಿಳುನಾಡಿನ ಕೊಲೆ ಪ್ರಕರಣವೊಂದರಲ್ಲಿ, ಸಾಕ್ಷ್ಯದ ಹಿಂದಿನ ದಿನ ಸಾಕ್ಷಿಗಳನ್ನು ಠಾಣೆಗೆ ಕರೆಸಿ ಹೇಗೆ ಹೇಳಬೇಕೆಂದು ಕಲಿಸಿದ್ದನ್ನು ಕಂಡು ಸುಪ್ರೀಂ ಕೋರ್ಟ್ ಕಟುವಾಗಿ ಟೀಕಿಸಿತು, ಶಿಕ್ಷೆಯೂ ಉಳಿಯಲಿಲ್ಲ. ಆದ್ದರಿಂದ ಸಾಕ್ಷಿಯನ್ನು ಠಾಣೆಗೆ ಕರೆಸುವ ಪದ್ಧತಿ ಬೇಡವೇ ಬೇಡ. ಮಾತು ಎಪಿಪಿ ಕಚೇರಿಯಲ್ಲಿ, ತನಿಖಾಧಿಕಾರಿ ಹೊರಗಿರುವಾಗ ಆಗಲಿ. ಒಬ್ಬೊಬ್ಬರ ಜತೆ ಬೇರೆಬೇರೆಯಾಗಿ ಹದಿನೈದು ನಿಮಿಷ ಮಾತಾಡಿದರೆ ಸಾಕು. ಇಬ್ಬರು ಕಣ್ಸಾಕ್ಷಿಗಳನ್ನು ಒಟ್ಟಿಗೆ ಕೂರಿಸಿಕೊಂಡರೆ ಒಬ್ಬರ ನೆನಪು ಇನ್ನೊಬ್ಬರ ಬಾಯಿಗೆ ಬರುತ್ತದೆ, ಪಾಟೀ ಸವಾಲಿನಲ್ಲಿ ಅದು ಬಯಲಾಗುತ್ತದೆ.

ಮಾತು ಹೀಗಿರಬಹುದು:

‘ಯಮ್ಮಾ, ಒಳಗ ಹೋದ ಮ್ಯಾಲ ಮೊದಲ ಪ್ರಮಾಣ ಮಾಡಸ್ತಾರ. ಆಮ್ಯಾಲ ನಾ ಕೇಳ್ತೀನಿ, ಆಮ್ಯಾಲ ಅವರ ವಕೀಲರು ಕೇಳ್ತಾರ. ನೀವು ಕಂಡದ್ದಷ್ಟ ಹೇಳ್ರಿ, ಕೇಳಿದ್ದನ್ನ ಕಂಡೀನಿ ಅನಬ್ಯಾಡ್ರಿ.’

‘ನೆನಪ ಇಲ್ಲಂದ್ರ ಸಾಹೇಬ್ರ?’

‘ನೆನಪಿಲ್ಲ ಅಂತನ ಹೇಳ್ರಿ. ತಪ್ಪಲ್ಲ ಅದು. ಪ್ರಶ್ನೆ ತಿಳೀಲಿಲ್ಲಂದ್ರ ಇನ್ನೊಮ್ಮೆ ಕೇಳ್ರಿ ಅನ್ರಿ. ಸಿಟ್ಟ ಬರೂವಂಗ ಕೇಳಿದ್ರೂ ಜಡ್ಜ್ ಸಾಹೇಬರ ಕಡೆ ನೋಡಿ ಉತ್ತರ ಹೇಳ್ರಿ.’

ಕಾರ್ಯವಿಧಾನ, ಯಾರೆಲ್ಲಿ ನಿಲ್ಲುತ್ತಾರೆ, ನಿಜ ಹೇಳುವುದು, ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ ಅನ್ನುವುದು, ಇಷ್ಟನ್ನು ಹೇಳಿ. ‘ಕೊಡಲಿ ಬಲಗೈಯಾಗಿತ್ತು ಅಂತ ಹೇಳ್ರಿ’ ಎಂಬ ಒಂದು ವಾಕ್ಯ ಬಾಯಿಂದ ಬಂತೋ, ಅಲ್ಲಿಂದ ಅದು ತಯಾರಿಯಾಗುವುದಿಲ್ಲ, ತರಬೇತಿಯಾಗುತ್ತದೆ. ಪೋಕ್ಸೊ ಪ್ರಕರಣದಲ್ಲಿ ಮಗುವಿಗೆ ಪ್ರಶ್ನೆಗಳನ್ನು ನ್ಯಾಯಾಧೀಶರೇ ಕೇಳುತ್ತಾರೆ. ಎರಡೂ ಕಡೆಯ ವಕೀಲರು ತಮ್ಮ ಪ್ರಶ್ನೆಯನ್ನು ಅವರಿಗೆ ಕೊಡಬೇಕು (ಪೋಕ್ಸೊ ಕಾಯ್ದೆಯ 33ನೇ ಕಲಂ). ಇದನ್ನು ತಾಯಿತಂದೆಗೆ ಮೊದಲೇ ತಿಳಿಸಿದರೆ ಅವರ ಅರ್ಧ ಅಂಜಿಕೆ ಕಡಿಮೆಯಾಗುತ್ತದೆ.

ಸಾಕ್ಷಿಗೆ ಬೆದರಿಕೆ ಬಂದಾಗ

ಬೆದರಿಕೆ ಬಂದಾಗ ಜನ ಠಾಣೆಗೆ ಹೋಗುತ್ತಾರೆ, ಅಲ್ಲಿ ಎನ್‌ಸಿ (ಎಫ್‌ಐಆರ್ ಇಲ್ಲದ ಬರೀ ನಮೂದು) ಬರೆದು ಕಳಿಸಿದರೆ ಸುಮ್ಮನಾಗುತ್ತಾರೆ. ಅಭಿಯೋಜನಾ ಕಚೇರಿಯ ಬಾಗಿಲು ತಟ್ಟಬಹುದೆಂಬುದು ಗೊತ್ತೇ ಇರುವುದಿಲ್ಲ. 2018ರ ಡಿಸೆಂಬರ್ 5ರಂದು ಸುಪ್ರೀಂ ಕೋರ್ಟ್ ಒಪ್ಪಿದ ಸಾಕ್ಷಿ ಸಂರಕ್ಷಣಾ ಯೋಜನೆಯಲ್ಲಿ ನಿರ್ಧಾರ ಮಾಡುವುದು ಜಿಲ್ಲಾ ಮಟ್ಟದ ಸಮಿತಿ. ಪ್ರಧಾನ ಜಿಲ್ಲಾ ಮತ್ತು ಸತ್ರ ನ್ಯಾಯಾಧೀಶರು ಅದರ ಅಧ್ಯಕ್ಷರು, ಜಿಲ್ಲೆಯ ಪೊಲೀಸ್ ಮುಖ್ಯಸ್ಥರು ಸದಸ್ಯರು, ಜಿಲ್ಲೆಯ ಅಭಿಯೋಜನಾ ಮುಖ್ಯಸ್ಥರೇ ಸದಸ್ಯ ಕಾರ್ಯದರ್ಶಿ. ಎಂದರೆ ಅರ್ಜಿ ಬಂದು ಬೀಳುವುದೇ ನಮ್ಮ ಮೇಜಿನ ಮೇಲೆ. ಬಿಎನ್‌ಎಸ್‌ಎಸ್ 398ನೇ ಕಲಂ ರಾಜ್ಯ ಸರಕಾರಗಳು ಇಂಥ ಯೋಜನೆ ಮಾಡಲೇಬೇಕೆನ್ನುತ್ತದೆ. 2018ರ ಯೋಜನೆ ಹಾಕಿಕೊಟ್ಟ ಕ್ರಮ ಹೀಗಿದೆ:

1. ಬೆದರಿಕೆಯ ವಿವರ ಬರೆದುಕೊಳ್ಳಿ: ಯಾರು, ಎಂದು, ಎಲ್ಲಿ, ಯಾವ ಮಾತಿನಲ್ಲಿ, ಯಾರಿದ್ದರು. ಫೋನಿನಲ್ಲಿ ಬಂದಿದ್ದರೆ ಕರೆಯ ಸಮಯ, ಸಂದೇಶವಾದರೆ ಅದನ್ನು ಅಳಿಸದೆ ಇಡುವಂತೆ ಹೇಳಿ. ‘ಅಂಜಸ್ತಾರ್ರಿ’ ಎಂದಷ್ಟೇ ಬರೆದ ಅರ್ಜಿಗಳು ವರದಿಯ ಹಂತದಲ್ಲೇ ಬಿದ್ದುಹೋಗುತ್ತವೆ.

2. ನಿಗದಿತ ನಮೂನೆಯನ್ನು ಕಚೇರಿಯಲ್ಲೇ ತುಂಬಿಸಿ. ಸಾಕ್ಷಿ, ಅವರ ಕುಟುಂಬದವರು, ಅವರ ವಕೀಲರು ಅಥವಾ ತನಿಖಾಧಿಕಾರಿ ಅರ್ಜಿ ಹಾಕಬಹುದು.

3. ಅರ್ಜಿ ಬಂದ ಕೂಡಲೆ ಸಮಿತಿ ಬೆದರಿಕೆ ವಿಶ್ಲೇಷಣಾ ವರದಿ ಕೇಳಬೇಕು. ಬೆಳಗಾವಿ ನಗರದಲ್ಲಿ ಕಮಿಷನರೇಟ್ ಇರುವುದರಿಂದ ಎಸಿಪಿ, ಉಳಿದ ಕಡೆ ಉಪವಿಭಾಗದ ಡಿವೈಎಸ್‌ಪಿ ವರದಿ ಕೊಡುತ್ತಾರೆ. ಅವರಿಗಿರುವ ಗಡುವು ಐದು ಕೆಲಸದ ದಿನ.

4. ತುರ್ತಿದ್ದರೆ ವರದಿ ಬರುವವರೆಗೂ ಕಾಯಬೇಕಿಲ್ಲ, ಮಧ್ಯಂತರ ರಕ್ಷಣೆಯ ಆದೇಶವನ್ನು ಅರ್ಜಿಯಲ್ಲೇ ಕೇಳಿ. ಈ ಸಾಲನ್ನು ಬಿಡುವುದು ನಾವೇ ಮಾಡುವ ತಪ್ಪು.

5. ವರದಿಯಲ್ಲಿ ಬೆದರಿಕೆಯನ್ನು ಎ, ಬಿ, ಸಿ ಎಂದು ವಿಂಗಡಿಸುತ್ತಾರೆ. ಸಾಕ್ಷಿಯ ಅಥವಾ ಮನೆಯವರ ಜೀವಕ್ಕೆ ಅಪಾಯವಿದ್ದರೆ ಎ. ಸುರಕ್ಷತೆ, ಮಾನ ಅಥವಾ ಆಸ್ತಿಗೆ ಅಪಾಯವಿದ್ದರೆ ಬಿ. ಕಿರುಕುಳ, ಹೆದರಿಸುವಿಕೆ ಆದರೆ ಸಿ. ವರದಿ ಬಂದ ಐದು ಕೆಲಸದ ದಿನಗಳಲ್ಲಿ ಅರ್ಜಿ ತೀರ್ಮಾನವಾಗಬೇಕು. ವಿಚಾರಣೆ ಗೋಪ್ಯ.

6. ರಕ್ಷಣೆ ಒಂದು ಸಲಕ್ಕೆ ಹೆಚ್ಚೆಂದರೆ ಮೂರು ತಿಂಗಳು. ಎರಡೂವರೆ ತಿಂಗಳಿಗೆ ವಹಿಯಲ್ಲಿ ಗುರುತು ಹಾಕಿಕೊಂಡು ಮುಂದುವರಿಸುವ ಅರ್ಜಿ ತಯಾರಿಡಿ.

ಏನು ಕೇಳಬೇಕೆಂಬುದರಲ್ಲಿ ಊರಿನ ತಿಳಿವಳಿಕೆ ಬೇಕು. ಸಣ್ಣ ಹಳ್ಳಿಯಲ್ಲಿ ಮನೆ ಮುಂದೆ ಹಗಲಿರುಳು ಪೊಲೀಸರನ್ನು ನಿಲ್ಲಿಸಿದರೆ ಗೊತ್ತಿಲ್ಲದವರಿಗೂ ಗೊತ್ತಾಗುತ್ತದೆ. ಕೋರ್ಟಿಗೆ ಬಂದುಹೋಗಲು ಸರಕಾರಿ ವಾಹನ, ಆರೋಪಿಯ ಎದುರಾಗದಂತೆ ಬೇರೆ ಬಾಗಿಲು, ರಾತ್ರಿ ಗಸ್ತು, ಸಾಕ್ಷ್ಯ ಮುಗಿಯುವವರೆಗೆ ಬೇರೆ ಊರಿನ ನೆಂಟರ ಮನೆಯಲ್ಲಿ ವಾಸ, ಇವು ಎಷ್ಟೋ ಸಲ ಬಂದೂಕಿನ ಕಾವಲಿಗಿಂತ ಉಪಯೋಗಕ್ಕೆ ಬರುತ್ತವೆ. ಸುಳ್ಳು ಸಾಕ್ಷಿ ಹೇಳೆಂದು ಬೆದರಿಸುವುದೇ ಭಾರತೀಯ ನ್ಯಾಯ ಸಂಹಿತೆಯ 232ನೇ ಕಲಂನಡಿ ಏಳು ವರ್ಷದವರೆಗೆ ಶಿಕ್ಷೆಯಿರುವ ಬೇರೆ ಅಪರಾಧ. ಅದರ ಎಫ್‌ಐಆರ್ ಆಗಿದೆಯೇ ಎಂದು ಕೇಳುವುದನ್ನು ಬಿಡಬೇಡಿ.

ನೊಂದವರಿಗೆ ಸುದ್ದಿ ಮುಟ್ಟಿಸುವುದು

ತನಿಖೆ ಎಲ್ಲಿಗೆ ಬಂತೆಂದು ಪೊಲೀಸರು 90 ದಿನಗಳೊಳಗೆ ತಿಳಿಸಬೇಕು (193(3)). ನೊಂದವರಿಗೆ ವಕೀಲರಿದ್ದರೆ ಆರೋಪಿ ಹಾಜರಾದ 14 ದಿನಗಳೊಳಗೆ ದೋಷಾರೋಪಪಟ್ಟಿಯ ಪ್ರತಿ ಸಿಗಬೇಕು (230). ಸರಕಾರ ಪ್ರಕರಣ ಹಿಂಪಡೆಯಬೇಕೆಂದರೂ ಅವರ ಮಾತು ಕೇಳದೆ ಕೋರ್ಟು ಒಪ್ಪುವಂತಿಲ್ಲ (360). ಜಾತಿ ದೌರ್ಜನ್ಯದ ಪ್ರಕರಣಗಳಲ್ಲಿ ಜಾಮೀನು ಅರ್ಜಿ ಸೇರಿ ಪ್ರತಿ ವಿಚಾರಣೆಯ ಸುದ್ದಿಯನ್ನು ನೊಂದವರಿಗೆ ಮುಟ್ಟಿಸುವ ಹೊಣೆ ವಿಶೇಷ ಸರಕಾರಿ ಅಭಿಯೋಜಕರ ಮತ್ತು ಸರಕಾರದ ಮೇಲಿದೆ (ದೌರ್ಜನ್ಯ ತಡೆ ಕಾಯ್ದೆಯ 15ಎ). ಸುದ್ದಿ ಮುಟ್ಟಿಸದೆ ಜಾಮೀನು ಆದರೆ, ಊರಲ್ಲಿ ಆರೋಪಿಯನ್ನು ಎದುರಿಗೇ ಕಂಡಾಗ ಅವರಿಗೆ ವಿಷಯ ಗೊತ್ತಾಗುತ್ತದೆ. ಸರಕಾರಿ ವಕೀಲರೂ ಒಂದಾಗಿದ್ದಾರೆ ಎಂಬ ಮಾತು ಅವತ್ತೇ ಹುಟ್ಟುತ್ತದೆ.

ಪರಿಹಾರದ ವಿಷಯ ತೀರ್ಪಿನವರೆಗೆ ಕಾಯಬೇಕಿಲ್ಲ. ಆರೋಪಿ ಪತ್ತೆಯಾಗದಿದ್ದರೂ 396ನೇ ಕಲಂನಡಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಹಾಕಬಹುದು, ಎರಡು ತಿಂಗಳಲ್ಲಿ ವಿಚಾರಣೆ ಮುಗಿಯಬೇಕು. ಹೆಚ್ಚಿನ ದೌರ್ಜನ್ಯ ಪ್ರಕರಣಗಳ ಪರಿಹಾರದ ಮೊದಲ ಕಂತು ಎಫ್‌ಐಆರ್ ಹಂತದಲ್ಲೇ ಸಮಾಜ ಕಲ್ಯಾಣ ಇಲಾಖೆಯಿಂದ ಬರಬೇಕು. ಬಾರದಿದ್ದರೆ, ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯಲ್ಲಿ ಮೂರು ತಿಂಗಳಿಗೊಮ್ಮೆಯಾದರೂ ಸೇರಬೇಕಾದ ಜಾಗೃತಿ ಸಮಿತಿಯ ಮುಂದೆ ಪ್ರಕರಣ ಸಂಖ್ಯೆ ಸಮೇತ ಪಟ್ಟಿ ಇಡಿ.

ಸ್ಮಾರ್ಟ್‌ಫೋನ್ ಇದ್ದವರಿಗೆ ಪ್ರಕರಣದ ಗುರುತಾದ 16 ಅಕ್ಷರ-ಅಂಕಿಗಳ ಸಿಎನ್‌ಆರ್ ಸಂಖ್ಯೆ ಬರೆದುಕೊಟ್ಟು ಇ-ಕೋರ್ಟ್ಸ್ ಆ್ಯಪಿನಲ್ಲಿ ತಾರೀಖು ನೋಡುವುದನ್ನು ಕಲಿಸಿ. ಮನೆಯ ಕಾಲೇಜು ಹುಡುಗಿಗೆ ಒಮ್ಮೆ ತೋರಿಸಿದರೆ ಮುಗಿಯಿತು.

ಈಗ ಊರಿಗೆ

ಅಭಿಯೋಜನಾ ಕಚೇರಿಗೆ ಶಾಮಿಯಾನದ ದುಡ್ಡಿಲ್ಲ, ಬೇಕಾಗಿಯೂ ಇಲ್ಲ. ಕರೆಯುವವರು ಕಾನೂನು ಸೇವಾ ಸಮಿತಿ ಆಗಲಿ. ಆರೋಪಿಗಳ ಪರ ವಾದಿಸುವ ವಕೀಲರೊಬ್ಬರನ್ನೂ ತಾಲ್ಲೂಕು ವಕೀಲರ ಸಂಘದಿಂದ ಕರೆಯಿರಿ. ಆಗ ಪೊಲೀಸ್ ಕಾರ್ಯಕ್ರಮ ಎನ್ನುವ ಭಾವನೆ ಹೋಗುತ್ತದೆ. ಆರು ತಿಂಗಳಿಗೊಮ್ಮೆ ನಡೆಯಬೇಕಾದ ಗ್ರಾಮಸಭೆಯಲ್ಲಿ ಅರ್ಧ ಗಂಟೆ ಕೇಳಿ ತೆಗೆದುಕೊಳ್ಳುವುದು ಬೇರೆ ಸಭೆ ಕರೆಯುವುದಕ್ಕಿಂತ ಸುಲಭ. ಹೆಣ್ಣುಮಕ್ಕಳ ಜತೆ ಮಾತಾಡಲು ಸ್ವಸಹಾಯ ಸಂಘದ ವಾರದ ಸಭೆಗೇ ಹೋಗಿ. ಊರ ಸಭೆಯಲ್ಲಿ ಅವರು ಬಾಯಿ ಬಿಡುವುದಿಲ್ಲ.

ಹೊತ್ತು: ಹೊಲದಿಂದ ತಿರುಗಿ ಬಂದ ಮೇಲೆ, ಸಂಜೆ ಆರರಿಂದ ಏಳೂವರೆ. ಸಂತೆಯ ದಿನ, ಬಿತ್ತನೆಯ ವಾರ, ಜಾತ್ರೆಯ ದಿನ ಬೇಡ. ರಬಕವಿ-ಬನಹಟ್ಟಿ, ಗುಳೇದಗುಡ್ಡ, ಇಳಕಲ್ಲಿನ ನೇಕಾರರ ಓಣಿಯಾದರೆ ಮಗ್ಗ ನಿಲ್ಲುವ ಹೊತ್ತು ಕೇಳಿಕೊಂಡು ಹೋಗಿ. ಚುನಾವಣೆಯ ನೀತಿಸಂಹಿತೆ ಇರುವಾಗ ಸಭೆಯೇ ಬೇಡ.

ಜನ: ಮೂವತ್ತರಿಂದ ಐವತ್ತು. ನೂರು ದಾಟಿದರೆ ಭಾಷಣವಾಗುತ್ತದೆ, ಪ್ರಶ್ನೆ ಬರುವುದಿಲ್ಲ. ಮಾತು ಇಪ್ಪತ್ತು ನಿಮಿಷ, ಪ್ರಶ್ನೆಗೆ ನಲವತ್ತು.

ಜಾಗ: ಗುಡಿಯ ಮುಂದಾದರೆ ಯಾರು ಬರುವುದಿಲ್ಲ ಎಂದು ಮೊದಲು ವಿಚಾರಿಸಿ. ಶಾಲೆಯ ಅಂಗಳ ಎಲ್ಲರಿಗೂ ಸರಿ. ದಲಿತ ಕೇರಿಗೂ ತಾಂಡಾಕ್ಕೂ ಬೇರೆ ದಿನ ಬೇರೆಯಾಗಿಯೇ ಹೋಗಿ, ಊರ ಸಭೆಗೆ ಕರೆದೆವು ಎಂಬ ಸಮಾಧಾನ ಸಾಲದು.

ಹೊರಡುವ ಹಿಂದಿನ ದಿನ ತಪ್ಪದೆ ಮಾಡಬೇಕಾದ ಕೆಲಸ ಒಂದಿದೆ. ಸಂಘಟಕರ ಹೆಸರು, ವೇದಿಕೆ ಮೇಲೆ ಕೂರುವವರ ಹೆಸರು ತರಿಸಿಕೊಂಡು ಬಾಕಿ ಪ್ರಕರಣಗಳ ಆರೋಪಿಗಳ ಪಟ್ಟಿಯ ಜತೆ ತಾಳೆ ನೋಡಿ. ನಮ್ಮ ಕಡೆ ಬಂದವರಿಗೆಲ್ಲ ಶಾಲು ಹೊದಿಸಿ ಫೇಟೆ ಸುತ್ತುವುದು ರೂಢಿ. ಶಾಲು ಹೊದಿಸುತ್ತಿರುವವರು ಹಲ್ಲೆ ಪ್ರಕರಣದ ಎರಡನೇ ಆರೋಪಿ ಎಂಬುದು ಎಪಿಪಿಯವರಿಗೆ ಗೊತ್ತಿರದಿದ್ದರೂ ಎದುರು ಕೂತ ಫಿರ್ಯಾದಿಗೆ ಗೊತ್ತಿರುತ್ತದೆ. ಆ ಫೋಟೊ ರಾತ್ರಿಯೊಳಗೆ ಊರೆಲ್ಲ ಸುತ್ತಿರುತ್ತದೆ. ಸನ್ಮಾನ ಬೇಡ ಎಂದು ಮೊದಲೇ ಬರಹದಲ್ಲಿ ತಿಳಿಸುವುದು ಉತ್ತಮ. ಚಹಾ ಸಾಕು.

ಏನು ಹೇಳಬೇಕು? ಕಲಂ ಓದಬೇಡಿ. ಜನರ ಕೈಯಲ್ಲಿರುವ ಮೂರು ವಿಷಯ ಹೇಳಿ.

ಮೊದಲನೆಯದು ಪಂಚನಾಮೆ. ಪಂಚರಾಗುವುದೆಂದರೆ ಕಣ್ಣಮುಂದೆ ಏನು ಸಿಕ್ಕಿತೋ ಅದಕ್ಕೆ ಸಾಕ್ಷಿಯಾಗುವುದು. ಖಾಲಿ ಹಾಳೆಗೆ, ಓದಿ ಹೇಳದ ಕಾಗದಕ್ಕೆ, ಜಾಗಕ್ಕೆ ಹೋಗದೆ ಠಾಣೆಯಲ್ಲಿ ಕೂತು ಸಹಿ ಮಾಡಬೇಡಿ ಎಂದು ಸರಕಾರಿ ವಕೀಲರ ಬಾಯಿಂದಲೇ ಬರಬೇಕು. ಪೊಲೀಸರಿಗೆ ಮುಜುಗರವಾಗಬಹುದು, ಆದರೆ ಮುದ್ದೆಮಾಲು ವಶಪಡಿಸಿಕೊಂಡ ಸಾಕ್ಷ್ಯ ಕುಸಿಯುವುದು ಇಲ್ಲಿಯೇ. ಈಗ ಶೋಧ ಮತ್ತು ಜಪ್ತಿಯ ವಿಡಿಯೊ ಮಾಡಬೇಕೆಂದು 105ನೇ ಕಲಂ ಹೇಳುತ್ತದೆ, ವಿಡಿಯೊದಲ್ಲಿ ಇಲ್ಲದ ಪಂಚರ ಮಾತು ನಿಲ್ಲುವುದು ಇನ್ನೂ ಕಷ್ಟ.

ಎರಡನೆಯದು ಮೊಬೈಲ್ ವಿಡಿಯೊ. ಜಗಳ, ಅಪಘಾತ ಚಿತ್ರೀಕರಿಸಿದವರು ಅದನ್ನು ಗುಂಪುಗಳಿಗೆ ಹಂಚಿ, ಜಾಗ ಸಾಲದೆಂದು ಮೂಲವನ್ನು ಅಳಿಸುತ್ತಾರೆ. ಹಂಚಿದ ಪ್ರತಿ ಮೂಲಕ್ಕೆ ಸಮವಲ್ಲ. ಚಿತ್ರೀಕರಿಸಿದ ಫೋನನ್ನೇ ಜೋಪಾನ ಮಾಡಿ, ಕತ್ತರಿಸಬೇಡಿ, ಮೇಲೆ ಹೆಸರು ಬರೆಯಬೇಡಿ. ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂನ ಪ್ರಮಾಣಪತ್ರದಲ್ಲಿ ಹ್ಯಾಷ್ ಬೆಲೆ (ಕಡತದಿಂದ ಕಂಪ್ಯೂಟರ್ ಲೆಕ್ಕ ಹಾಕಿ ಕೊಡುವ ಗುರುತಿನ ಸಂಖ್ಯೆ) ಬರೆಯಬೇಕಾಗುತ್ತದೆ. ಒಂದು ಚುಕ್ಕೆ ಬದಲಾದರೂ ಆ ಬೆಲೆ ಬದಲಾಗುತ್ತದೆ. ಅಂಗಡಿಗಳ ಸಿಸಿಟಿವಿ ಯಂತ್ರಗಳು ಹಳೆಯದರ ಮೇಲೆ ಹೊಸದನ್ನು ಬರೆದುಕೊಳ್ಳುತ್ತವೆ, ಘಟನೆಯಾದ ಎರಡು ಮೂರು ದಿನಗಳೊಳಗೆ ಪೊಲೀಸರಿಗೆ ತಿಳಿಸಿ ಎಂದು ಅಂಗಡಿಕಾರರಿಗೆ ಹೇಳಿ.

ಮೂರನೆಯದು ದೂರು ಎಲ್ಲಿ ಕೊಡಬೇಕೆಂಬುದು. ಗಡಿನಾಡಿನಲ್ಲಿ ಇದು ನಿತ್ಯದ ಪ್ರಶ್ನೆ. ಸಾಂಗ್ಲಿ ಕಡೆಯ ಕಬ್ಬಿನ ಹೊಲದಲ್ಲಿ ಹೊಡೆತ ತಿಂದ ಮನೆಯವರು ಸಿಂದಗಿಗೆ ತಿರುಗಿ ಬಂದು ಅಲ್ಲಿಯೇ ದೂರು ಕೊಡಬಹುದು. ‘ನಮ್ಮ ಹದ್ದಿಗೆ ಬರೋದಿಲ್ಲ’ ಎಂದು ಠಾಣೆಯವರು ಹೇಳುವಂತಿಲ್ಲ, 173ನೇ ಕಲಂ ಅದಕ್ಕೆ ಅವಕಾಶ ಕೊಟ್ಟಿಲ್ಲ. ಫಿರ್ಯಾದಿಗೆ ಎಫ್‌ಐಆರ್ ಪ್ರತಿ ಪುಕ್ಕಟೆ. ಹೆಣ್ಣುಮಕ್ಕಳನ್ನು, 15ಕ್ಕಿಂತ ಚಿಕ್ಕ ಮತ್ತು 60 ದಾಟಿದ ಗಂಡಸರನ್ನು ಸಾಕ್ಷಿ ಹೇಳಿಕೆಗೆಂದು ಠಾಣೆಗೆ ಕರೆಸುವಂತಿಲ್ಲ, ಅವರಿದ್ದಲ್ಲಿಗೇ ಪೊಲೀಸರು ಬರಬೇಕು (179).

ನೋಡುತ್ತ ನಿಂತವರ ಮಾತೂ ಸಭೆಯಲ್ಲಿ ಬರಬೇಕು. 2023ರ ಡಿಸೆಂಬರ್‌ನಲ್ಲಿ ಬೆಳಗಾವಿ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಮಹಿಳೆಯೊಬ್ಬರ ಮೇಲೆ ನಡೆದ ಹಲ್ಲೆಯನ್ನು ಹೈಕೋರ್ಟ್ ತಾನಾಗಿ ಕೈಗೆತ್ತಿಕೊಂಡಿತು, ಸುತ್ತ ನಿಂತೂ ತಡೆಯದವರ ಬಗ್ಗೆ ಕಟುವಾಗಿ ನುಡಿಯಿತು. ಆ ಹೊತ್ತಿಗೆ 112ಕ್ಕೆ ಒಂದು ಕರೆ ಮಾಡಿದವರು ಸಾಕ್ಷಿಯೂ ಆಗಬಲ್ಲರು, ಒಂದು ಜೀವದ ಮಾನವನ್ನೂ ಉಳಿಸಬಲ್ಲರು.

ಪ್ರಶ್ನೆಯ ಹೊತ್ತಿನಲ್ಲಿ ಯಾರಾದರೂ ನಡೆಯುತ್ತಿರುವ ಪ್ರಕರಣ ಎತ್ತಿದರೆ ‘ಅದು ಕೋರ್ಟಿನ್ಯಾಗ ಐತ್ರಿ, ಇಲ್ಲಿ ಮಾತಾಡಂಗಿಲ್ಲ, ನಾಳೆ ಕಚೇರಿಗೆ ಬರ್ರಿ’ ಎಂದು ನಿಲ್ಲಿಸಿ. ಉತ್ತರ ಗೊತ್ತಿಲ್ಲದ ಪ್ರಶ್ನೆಗಳನ್ನು ಬರೆದುಕೊಂಡು ಹದಿನೈದು ದಿನದೊಳಗೆ ಪಂಚಾಯಿತಿಗೆ ಉತ್ತರ ಕಳಿಸಿ, ನೋಟಿಸ್ ಬೋರ್ಡಿಗೆ ಹಾಕಲು ಹೇಳಿ. ಎರಡನೇ ಸಭೆಗೆ ಜನ ಬರುವುದು ಈ ಉತ್ತರ ಬಂದರೆ ಮಾತ್ರ.

ಶಾಲೆ ಮತ್ತು ಜಾತ್ರೆ

ಎಂಟರಿಂದ ಹನ್ನೆರಡನೇ ತರಗತಿಯವರಿಗೆ ಒಂದು ಪಿರಿಯಡ್ ಸಾಕು. ಬಾಲ್ಯವಿವಾಹ, ಪೋಕ್ಸೊ, ಬೈಕ್. ಅಪ್ರಾಪ್ತರು ಗಾಡಿ ಓಡಿಸಿ ಅಪರಾಧವಾದರೆ ಪಾಲಕರಿಗೆ ಮೂರು ವರ್ಷದವರೆಗೆ ಸಜೆ, 25,000 ರೂಪಾಯಿ ದಂಡ (ಮೋಟಾರು ವಾಹನ ಕಾಯ್ದೆ 199ಎ) ಎಂಬುದನ್ನು ಮಕ್ಕಳು ಮನೆಗೆ ಹೋಗಿ ಹೇಳಿಯೇ ಹೇಳುತ್ತಾರೆ. ಪ್ರಶ್ನೆಗಳಿಗೆ ಹೆಸರಿಲ್ಲದ ಚೀಟಿ ಪೆಟ್ಟಿಗೆ ಇಡಿ. ಅದರಲ್ಲಿ ‘ನನ್ನ ಮದುವಿ ಗೊತ್ತು ಮಾಡ್ಯಾರ’ ಎಂಬ ಚೀಟಿ ಸಿಕ್ಕರೆ ಎಲ್ಲರೆದುರು ಓದದೆ, ಅದೇ ದಿನ 1098ಕ್ಕೂ ತಾಲ್ಲೂಕಿನ ಬಾಲ್ಯವಿವಾಹ ನಿಷೇಧಾಧಿಕಾರಿಗೂ ತಿಳಿಸಬೇಕು.

ಸವದತ್ತಿ ಯಲ್ಲಮ್ಮನಗುಡ್ಡದ ಭಾರತ ಹುಣ್ಣಿಮೆ, ಬಾದಾಮಿ ಬನಶಂಕರಿ ಜಾತ್ರೆಗಳಲ್ಲಿ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯ ಮಳಿಗೆಯ ಜತೆಗೇ ಒಂದು ಮೇಜು ಹಾಕಿ. ಹೆಣ್ಣುಮಕ್ಕಳನ್ನು ದೇವದಾಸಿಯಾಗಿ ಬಿಡುವುದಕ್ಕೆ 1982ರಲ್ಲೇ ರಾಜ್ಯ ಕಾನೂನಿನ ನಿಷೇಧ ಬಂದಿದ್ದರೂ ಗುಟ್ಟಿನ ಮಾತುಗಳು ಕಿವಿಗೆ ಬೀಳುವುದು ಇಂಥ ಕಡೆಯೇ.

ಹೆಸರು, ಫೋಟೊ, ಪತ್ರಿಕೆ

ಲೈಂಗಿಕ ಅಪರಾಧದಲ್ಲಿ ನೊಂದವರ ಗುರುತು ಬಯಲು ಮಾಡಿದರೆ ಭಾರತೀಯ ನ್ಯಾಯ ಸಂಹಿತೆಯ 72ನೇ ಕಲಂನಡಿ ಎರಡು ವರ್ಷದವರೆಗೆ ಸಜೆ. ಮಕ್ಕಳಾದರೆ ಪೋಕ್ಸೊ 23ನೇ ಕಲಂ. ಹೆಸರು ಬಿಟ್ಟು ‘ಇಂಥ ಹಳ್ಳಿಯ, ಇಂಥ ಶಾಲೆಯ ಅಡುಗೆಯವರ ಮಗಳು’ ಎಂದು ಬರೆದರೂ ಗುರುತು ಸಿಕ್ಕಂತೆಯೇ. ಶಿಕ್ಷೆಯಾದ ತೀರ್ಪಿನ ಪ್ರಕಟಣೆಯಲ್ಲಿ ಇಂಥ ಪ್ರಕರಣಗಳ ಹಳ್ಳಿಯ ಹೆಸರು, ಸಂಬಂಧದ ವಿವರ ಬೇಡ. ತೀರ್ಪಿಗೆ ಮುಂಚೆ ಪತ್ರಕರ್ತರು ಫೋನ್ ಮಾಡಿದರೆ ತಾರೀಖು, ಹಂತ ಮಾತ್ರ ಹೇಳಿ, ಅದೂ ಇಲಾಖೆಯ ಅನುಮತಿಯ ಮಿತಿಯೊಳಗೆ.

ತೀರ್ಪಿನ ದಿನದ ಫೋನು

ಶಿಕ್ಷೆಯಾದಾಗ ಎಲ್ಲರೂ ಫೋನ್ ಮಾಡುತ್ತಾರೆ. ಬಿಡುಗಡೆಯಾದಾಗ ಯಾರೂ ಮಾಡುವುದಿಲ್ಲ. ಹಾಗಾಗಿ ವಹಿಯ ಕೊನೆಗೆ ಹತ್ತನೆಯ ಅಂಕಣ ಒಂದನ್ನು ಸೇರಿಸಿ: ‘ತೀರ್ಪು ತಿಳಿಸಿದ ತಾರೀಖು’. ಫಿರ್ಯಾದಿಗೂ ಸಾಕ್ಷಿ ಹೇಳಿದ ಪ್ರತಿಯೊಬ್ಬರಿಗೂ ತೀರ್ಪಿನ ದಿನ ಸಂಜೆಯೊಳಗೆ ಎಪಿಪಿಯವರೇ ಮಾತಾಡಬೇಕು. ಬಿಡುಗಡೆಯಾಗಿದ್ದರೆ ಕಾರಣವನ್ನು ಎರಡು ವಾಕ್ಯದಲ್ಲಿ, ಯಾರ ಮೇಲೂ ತಪ್ಪು ಹೊರಿಸದೆ ಹೇಳಿ: ‘ಸಂಶಯ ಉಳೀತು ಅಂತ ಕೋರ್ಟು ಬಿಟ್ಟೈತಿ. ನೀವು ಹೇಳಿದ್ದು ಸುಳ್ಳು ಅಂದಿಲ್ಲ.’ ತೀರ್ಪಿನಲ್ಲಿ ನಿಜಕ್ಕೂ ಹಾಗಿದ್ದರೆ ಮಾತ್ರ ಈ ಎರಡನೇ ವಾಕ್ಯ.

ಆಮೇಲೆ ಮುಂದಿನ ದಾರಿ. ಸರಕಾರದ ಮೇಲ್ಮನವಿಗೆ 419ನೇ ಕಲಂ, ನೊಂದವರು ತಾವೇ ಹಾಕುವುದಾದರೆ 413. ಮ್ಯಾಜಿಸ್ಟ್ರೇಟರ ತೀರ್ಪಾದರೆ ಸತ್ರ ನ್ಯಾಯಾಲಯಕ್ಕೆ ಹೋಗಬಹುದಾದ ಸಂದರ್ಭಗಳಿವೆ. ಸತ್ರ ನ್ಯಾಯಾಲಯದ ತೀರ್ಪಾದರೆ ಬೆಳಗಾವಿ, ಬಾಗಲಕೋಟೆಯವರಿಗೆ ಧಾರವಾಡ ಪೀಠ, ವಿಜಯಪುರದವರಿಗೆ ಕಲಬುರಗಿ ಪೀಠ. ವಿಜಯಪುರದವರು ಅಭ್ಯಾಸಬಲದಿಂದ ಧಾರವಾಡಕ್ಕೆ ಹೋಗಿ ಒಂದು ದಿನ ಕಳೆದುಕೊಳ್ಳುವುದುಂಟು, ಆದ್ದರಿಂದ ಪೀಠದ ಊರನ್ನು ಚೀಟಿಯಲ್ಲಿ ಬರೆದುಕೊಡಿ. ಫಿರ್ಯಾದಿ ಸಿಟ್ಟಿನಲ್ಲಿ ಫೋನ್ ಇಟ್ಟುಬಿಟ್ಟರೆ ಮೂರು ದಿನ ಬಿಟ್ಟು ಮತ್ತೊಮ್ಮೆ ಮಾಡಿ, ಎರಡೂ ಕರೆಗಳ ತಾರೀಖನ್ನು ಹತ್ತನೆಯ ಅಂಕಣದಲ್ಲಿ ಬರೆಯಿರಿ. ಮೇಲ್ಮನವಿಗೆ ಅರ್ಹವೆಂದು ಕಂಡರೆ ತೀರ್ಪಿನ ಪ್ರತಿಯೊಂದಿಗೆ ಅಭಿಪ್ರಾಯವನ್ನು ಅದೇ ವಾರ ಮೇಲಕ್ಕೆ ಕಳಿಸಿ, ಕಳಿಸಿದ ಪತ್ರದ ಸಂಖ್ಯೆಯನ್ನೂ ಅವರಿಗೆ ತಿಳಿಸಿ.